ಬಿಸಿಲು ತಡೆಯುವ ಸೇವಂತಿಗೆ ಸಸಿ: ಚಿಕ್ಕಬಳ್ಳಾಪುರದ ನರ್ಸರಿಯೊಂದರಲ್ಲಿ ಕೊಂಡು ಬೆಳೆದ ಮೇಲೆ

ಚಿಕ್ಕಬಳ್ಳಾಪುರದಿಂದ ನಂದಿಯ ಕಡೆಗೆ ಹೋಗುವ ದಾರಿಯಲ್ಲಿರುವ ನರ್ಸರಿಯೊಂದರ ಮುಂದೆ ‘ಬೇಸಿಗೆ ಬಿಸಿಲು ತಡೆಯುವ ಸೇವಂತಿಗೆ ಸಸಿಗಳು ದೊರೆಯುತ್ತವೆ’ ಎಂಬ ಫಲಕ ನೋಡಿ, ಫೆಬ್ರುವರಿ ಮೂರನೆಯ ವಾರದಲ್ಲಿ 2,000 ಹಳದಿ ಮತ್ತು 1,500 ಗುಲಾಬಿ ಬಣ್ಣದ ಸಸಿಗಳನ್ನು, ಒಂದಕ್ಕೆ 3 ರೂಪಾಯಿಯಂತೆ, ಕೊಂಡು ತಂದು ಹತ್ತು ಗುಂಟೆಯಲ್ಲಿ ನಾಟಿ ಮಾಡಿದೆ. ಸಸಿಯ ಗುಣವನ್ನು ಕೊಂಡ ದಿನವೇ ಹೊಗಳುವುದಾಗಲಿ ತೆಗಳುವುದಾಗಲಿ ಅರ್ಥವಿಲ್ಲದ ಕೆಲಸವಾದ್ದರಿಂದ, ಎರಡು ಕೊಯ್ಲು ಮುಗಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನರ್ಸರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ಸುತ್ತಿನಲ್ಲಿ ಅಂಥ ಫಲಕ ಹಾಕಿಕೊಂಡಿರುವವರು ಇವರೊಬ್ಬರೇ ಅಲ್ಲ.

ಮೊದಲಿಗೆ ಸಸಿಗಳ ಬಗ್ಗೆ. ಟ್ರೇಯಿಂದ ಕಿತ್ತ ಸಸಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಉಂಡೆ ಕೈಯಲ್ಲಿ ಒಡೆಯಲಿಲ್ಲ. ಅದರ ಸುತ್ತ ಬಿಳಿ ಬೇರು ಬಲೆಯಂತೆ ಹೆಣೆದುಕೊಂಡಿತ್ತು, ಎಲ್ಲಿಯೂ ಕಂದು ಬಣ್ಣಕ್ಕೆ ತಿರುಗಿರಲಿಲ್ಲ. ಎಲೆ ದಪ್ಪವಾಗಿ, ಕಾಂಡ ಗಿಡ್ಡವಾಗಿತ್ತು. ಮಾರುವುದಕ್ಕೆ ಹತ್ತು ದಿನ ಮೊದಲೇ ಟ್ರೇಗಳನ್ನು ಪಾಲಿಹೌಸಿನಿಂದ ಶೇಡ್‌ನೆಟ್ ಕೆಳಗೆ, ಅಲ್ಲಿಂದ ಬೆಳಗಿನ ಬಿಸಿಲಿಗೆ, ಕೊನೆಗೆ ಮಧ್ಯಾಹ್ನದ ಬಿಸಿಲಿಗೂ ಒಂದೆರಡು ಗಂಟೆ ಇಟ್ಟು ಹದಗೊಳಿಸುವ ಪದ್ಧತಿಯನ್ನು ಇಲ್ಲಿ ಚಾಚೂ ತಪ್ಪದೆ ಪಾಲಿಸುತ್ತಾರೆ. ಬೇರೆ ಕಡೆ ಐವತ್ತು ಪೈಸೆ ಕಡಿಮೆಗೆ ಸಿಗುವ ಸಸಿಗಳಲ್ಲಿ ನನಗೆ ಕಾಣದಿದ್ದದ್ದು ಇದೇ. ಆ ಹೆಚ್ಚಿನ ದುಡ್ಡು ಇದಕ್ಕಾಗಿಯೇ ಕೊಟ್ಟದ್ದೆಂದರೂ ನನಗೆ ಬೇಸರವಿಲ್ಲ.

ಹೀಗೆ ಹದಗೊಳಿಸುವುದು ಬರೀ ಅಭ್ಯಾಸಬಲವಲ್ಲ. ಗಿಡದ ಜೀವಕೋಶದಲ್ಲಿ ಶಾಖಕ್ಕೆ ಎಚ್ಚರಗೊಳ್ಳುವ ವಂಶವಾಹಿಗಳ ಒಂದು ಗುಂಪೇ ಇದೆ. ಸಾಧಾರಣ ತಾಪದಲ್ಲಿ ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಎಂಬ ಪ್ರೋಟೀನುಗಳು ಎಚ್‌ಎಸ್‌ಎಫ್‌ಎ1 ಎಂಬ ನಿಯಂತ್ರಕವನ್ನು ಹಿಡಿದು ಸುಮ್ಮನಿರಿಸಿರುತ್ತವೆ. ತಾಪ ಏರಿ ಕೋಶದೊಳಗಿನ ಬೇರೆ ಪ್ರೋಟೀನುಗಳು ಮಡಿಕೆ ಬಿಚ್ಚಿಕೊಂಡು ಕೆಡತೊಡಗಿದಾಗ ಕಾವಲಿನ ಆ ಪ್ರೋಟೀನುಗಳು ಅವುಗಳ ರಕ್ಷಣೆಗೆ ಓಡುತ್ತವೆ. ಬಿಡುಗಡೆಯಾದ ನಿಯಂತ್ರಕವು ಕೋಶಕೇಂದ್ರದಲ್ಲಿ ಡಿಎನ್‌ಎಗೆ ಅಂಟಿಕೊಂಡು, ಅಂಥವೇ ಕಾವಲು ಪ್ರೋಟೀನುಗಳನ್ನು ರಾಶಿರಾಶಿಯಾಗಿ ತಯಾರಿಸಲು ಆಜ್ಞೆ ಕೊಡುತ್ತದೆ. ಈ ಪ್ರತಿಕ್ರಿಯೆ ಮೊದಲು ಕಂಡದ್ದು ಗಿಡದಲ್ಲಿ ಅಲ್ಲ, ಹಣ್ಣುನೊಣದಲ್ಲಿ: ಇಟಲಿಯ ಫೆರುಚ್ಚೊ ರಿಟೊಸ್ಸ ಅವರ ಪ್ರಯೋಗಾಲಯದಲ್ಲಿ ಯಾರೋ ಕಾವುಪೆಟ್ಟಿಗೆಯ ತಾಪವನ್ನು ಏರಿಸಿಬಿಟ್ಟಿದ್ದರಿಂದ ನೊಣದ ವರ್ಣತಂತುಗಳಲ್ಲಿ ಹೊಸ ಉಬ್ಬುಗಳು, ಅಂದರೆ ವಂಶವಾಹಿಗಳು ಎಚ್ಚರಗೊಂಡ ಗುರುತುಗಳು, ಕಾಣಿಸಿಕೊಂಡವು, ಅದು 1962ರಲ್ಲಿ ಪ್ರಕಟವಾಯಿತು. ಒಮ್ಮೆ ಹಿತಮಿತವಾಗಿ ಬಿಸಿ ಕಂಡ ಗಿಡದಲ್ಲಿ ಈ ಪ್ರೋಟೀನುಗಳ ದಾಸ್ತಾನು ಇರುವುದರಿಂದ, ಮರುದಿನ ಬೀಳುವ ಕಡುಬಿಸಿಲನ್ನು ಅದು ತಾಳಿಕೊಳ್ಳುತ್ತದೆ. ಆದರೆ ಆ ದಾಸ್ತಾನು ಕೆಲವು ದಿನಗಳ ಮಟ್ಟಿಗೆ ಮಾತ್ರ. ಟ್ರೇಯಲ್ಲಿ ಕಲಿತ ಪಾಠ ನಾಟಿಯ ಮೊದಲ ವಾರಕ್ಕೆ ಒದಗುತ್ತದೆಯೇ ಹೊರತು ಏಪ್ರಿಲ್ ತಿಂಗಳಿಗಲ್ಲ.

ಆ ಮೊದಲ ವಾರದಲ್ಲಿ ಫಲಕದ ಮಾತು ನಿಜವಾಯಿತು. ಪಕ್ಕದ ಎರಡು ಸಾಲುಗಳಲ್ಲಿ ನನ್ನದೇ ಹಳೆಯ ಗಿಡಗಳಿಂದ ಮುರಿದು ಬೇರು ಬರಿಸಿದ ಸಸಿಗಳನ್ನು ಹೋಲಿಕೆಗೆಂದು ನೆಟ್ಟಿದ್ದೆ. ಅವು ಮಧ್ಯಾಹ್ನ ಹನ್ನೆರಡಕ್ಕೇ ತಲೆಬಾಗಿಸಿ ಸಂಜೆಗೆ ಚೇತರಿಸಿಕೊಳ್ಳುತ್ತಿದ್ದರೆ, ನರ್ಸರಿಯ ಸಸಿಗಳು ನೆಟ್ಟಗೆ ನಿಂತಿದ್ದವು. ಮೂರೂವರೆ ಸಾವಿರದಲ್ಲಿ ಸತ್ತದ್ದು ನೂರನ್ನೂ ಮುಟ್ಟಲಿಲ್ಲ. ಏಪ್ರಿಲ್‌ನಲ್ಲಿ ಸಹ ಎಲೆಯ ಅಂಚು ಸುಡದೆ ಗಿಡ ಹಚ್ಚಗೆ ಬೆಳೆಯಿತು. ತೋಟ ನೋಡಲು ಬಂದ ನೆಂಟರೆಲ್ಲ ಹೊಗಳಿದರು.

ತೊಂದರೆ ಬಂದದ್ದು ಹೂವಿನಲ್ಲಿ. ನಾಟಿಯಾದ 80 ದಿನಕ್ಕೆ ಮೊದಲ ಕೊಯ್ಲು ಎಂದು ಮಾಲೀಕರು ಹೇಳಿದ್ದರು, ಮೇ ಎರಡನೆಯ ವಾರದ ಮದುವೆಗಳಿಗೆ ಸರಿಯಾಗಿ. ಕೈಗೆ ಹೂವು ಬಂದದ್ದು ನೂರು ದಿನ ದಾಟಿದ ಮೇಲೆ. ಏಪ್ರಿಲ್ ಪೂರ್ತಿ ನಾನು ಪ್ರತಿ ಬೆಳಗ್ಗೆ ಸುಳಿಯ ಎಲೆಗಳನ್ನು ಬಿಡಿಸಿ ನೋಡುತ್ತಿದ್ದೆ. ಮೆಣಸಿನ ಕಾಳಿನಷ್ಟು ಮೊಗ್ಗು ಕಾಣಬೇಕಾದ ಜಾಗದಲ್ಲಿ ಮತ್ತೊಂದು ಎಲೆ ಮಾತ್ರ ಇರುತ್ತಿತ್ತು. ಭರಣಿ ಮಳೆ ಒಂದು ಸಲ ಚೆನ್ನಾಗಿ ಬಿದ್ದು ನಾಲ್ಕಾರು ರಾತ್ರಿ ತಂಪಾದ ಮೇಲೆಯೇ ಮೊಗ್ಗು ಕಟ್ಟಿತು.

ಈ ತಡಕ್ಕೂ ಗಿಡದ ಬಲಕ್ಕೂ ಸಂಬಂಧವಿಲ್ಲವೆಂಬುದನ್ನು ಫಲಕ ಬರೆಸಿದವರು ತಿಳಿದಿರಬೇಕಿತ್ತು. ಸೇವಂತಿಗೆ ರಾತ್ರಿ ಉದ್ದವಾದಾಗ ಹೂಬಿಡುವ ಗಿಡ. ನಮ್ಮ ಕಡೆ ರಾತ್ರಿ ಹೊತ್ತು ಹೊಲಗಳಲ್ಲಿ ಬಲ್ಬು ಉರಿಯುವುದನ್ನು ಹೆದ್ದಾರಿಯಲ್ಲಿ ಹೋಗುವವರು ಜಾತ್ರೆಯೋ ಎಂದು ನಿಲ್ಲಿಸಿ ನೋಡುತ್ತಾರೆ. ರಾತ್ರಿಯನ್ನು ಬೆಳಕಿನಿಂದ ಮುರಿದು, ಗಿಡ ಸಾಕಷ್ಟು ಬೆಳೆಯುವ ತನಕ ಹೂವನ್ನು ತಡೆಹಿಡಿಯುವುದಷ್ಟೇ ಅದರ ಉದ್ದೇಶ. ಬಲ್ಬು ಆರಿಸಿದ ಮೇಲೆ ಎಲೆಯಲ್ಲಿ ಎಫ್‌ಟಿಎಲ್3 ಎಂಬ ವಂಶವಾಹಿ ಚುರುಕಾಗಿ, ಅದರಿಂದ ಹುಟ್ಟುವ ಪ್ರೋಟೀನು ಸುಳಿಗೆ ಹೋಗಿ ಹೂಬಿಡಲು ಸೂಚನೆ ಕೊಡುತ್ತದೆ. ಜಪಾನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 20 ಡಿಗ್ರಿಗೆ ಹೋಲಿಸಿದರೆ 30 ಡಿಗ್ರಿಯಲ್ಲಿ ಬೆಳೆದ ಸೇವಂತಿಗೆಯಲ್ಲಿ ಇದೇ ಎಫ್‌ಟಿಎಲ್3 ಕುಗ್ಗಿ, ಹೂವು ತಡವಾಗುವುದು ಕಂಡುಬಂದಿದೆ. ಅಂದರೆ ಮಾರ್ಚ್ ಕೊನೆಗೆ ನಾನು ಬಲ್ಬು ಆರಿಸಿದೆ. ಬಲ್ಬು ಮಾಡುತ್ತಿದ್ದ ಕೆಲಸವನ್ನು ಏಪ್ರಿಲ್‌ನ ಬಿಸಿ ಮುಂದುವರಿಸಿತು, ಕರೆಂಟು ಬಿಲ್ಲಿಲ್ಲದೆ. ಪ್ರಯೋಗಾಲಯಗಳ ಅಚ್ಚುಮೆಚ್ಚಿನ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ತುಸು ಬಿಸಿಯೇರಿದರೆ ಹೂವು ಬೇಗ ಬರುತ್ತದೆ, ಇಲ್ಲಿ ಅದಕ್ಕೆ ತಿರುಗುಮುರುಗು. ಒಂದು ಗಿಡದ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಲಾಗದು.

ಇನ್ನೂ ಒಂದು ಮಾತು. ಸೇವಂತಿಗೆಯ ಸಸಿಗಳು ಬೀಜದವಲ್ಲ, ತಾಯಿಗಿಡದ ಕುಡಿ ಮುರಿದು ಮಾಡಿದವು. ಆದ್ದರಿಂದ 2,000 ಹಳದಿ ಗಿಡಗಳೂ ವಂಶವಾಹಿಯ ಮಟ್ಟದಲ್ಲಿ ಒಂದೇ ಗಿಡ. ಒಂದು ತಡವಾದರೆ ಇಡೀ ಮಡಿ ತಡವಾಗುತ್ತದೆ. ಮೇಲಾಗಿ ಸೇವಂತಿಗೆಗೆ ಸಾಮಾನ್ಯವಾಗಿ ಒಂಬತ್ತು ವರ್ಣತಂತುಗಳ ಆರು ಪ್ರತಿ, ಒಟ್ಟು 54, ಇರುವುದರಿಂದ, ತಾಪ ತಾಳುವ ಗುಣವನ್ನೂ ಬೇಗ ಹೂಬಿಡುವ ಗುಣವನ್ನೂ ಒಂದೇ ತಳಿಯಲ್ಲಿ ಕೂಡಿಸುವುದು ತಳಿಗಾರರಿಗೆ ಸುಲಭದ ಮಾತಲ್ಲ.

ಹಳದಿಯ ವಿಷಯದಲ್ಲಿ ನನ್ನ ದೂರು ತಡದ್ದು ಮಾತ್ರ. ಹೂವು ತುಸು ಚಿಕ್ಕದಾದರೂ ಬಣ್ಣ ಕೆಡಲಿಲ್ಲ, ಮಂಡಿಯಲ್ಲಿ ಒಂದನೇ ದರ್ಜೆಗೇ ಹೋಯಿತು. ಗುಲಾಬಿ ಬಣ್ಣದ್ದು ನಿಜಕ್ಕೂ ನಿರಾಶೆ ಮಾಡಿತು. ಮಳೆ ಹಿಂದೆ ಸರಿದು ಮತ್ತೆ ಬಿಸಿಲು ಕಾದ ಮೇ ಕೊನೆಯ ವಾರದಲ್ಲಿ ಅರಳಿದ ಮೊದಲ ಹೂವುಗಳನ್ನು ಬಿಡಿಸಿ ನೋಡಿದರೆ, ಎಸಳಿನ ಬುಡದಲ್ಲಿ ಮಾತ್ರ ಬಣ್ಣ ಉಳಿದು, ತುದಿಯ ಕಡೆಗೆ ಹಲವು ಸಲ ಒಗೆದ ಸೀರೆಯಂತೆ ಮಾಸಲು ಬಿಳಿಯಾಗಿತ್ತು. ಮಂಡಿಯವರು ಕೈಯಲ್ಲಿ ಹಿಡಿದು ನೋಡಿ, ಹಳದಿಯ ಅರ್ಧ ಬೆಲೆ ಕಟ್ಟಿದರು. ಹಳದಿ ಬಣ್ಣ ಕೊಡುವುದು ಕ್ಯಾರೊಟಿನಾಯ್ಡ್, ಗುಲಾಬಿ ಬಣ್ಣ ಕೊಡುವುದು ಆಂಥೋಸಯನಿನ್. ತಾಪ ಹೆಚ್ಚಿದರೆ ಎರಡನೆಯದನ್ನು ತಯಾರಿಸುವ ಕಿಣ್ವಗಳ ವಂಶವಾಹಿಗಳು ಮಂಕಾಗುತ್ತವೆ, ಆಗಲೇ ಇರುವ ಬಣ್ಣವೂ ಬೇಗ ಕರಗುತ್ತದೆ. ಚಳಿಗಾಲದಲ್ಲಿ ಬಿಳಿ ಸೇವಂತಿಗೆಯ ಎಸಳಿನ ಮೇಲೆ ತೆಳು ಗುಲಾಬಿ ಛಾಯೆ ಬರುವುದನ್ನು ಕಂಡವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತಿರುತ್ತದೆ. ಜೂನ್ ಮಧ್ಯದಲ್ಲಿ ಮೋಡ ಕವಿದು ತಂಪಾದಾಗ ಅದೇ ಗಿಡಗಳ ಎರಡನೆಯ ಕೊಯ್ಲಿನಲ್ಲಿ ಬಣ್ಣ ತುಂಬಿಕೊಂಡು ಬಂತು. ಆದ್ದರಿಂದ ಬೇರೆ ತಳಿ ಬೆರೆಸಿ ಮೋಸ ಮಾಡಿದ್ದಾರೆ ಎಂಬ ನನ್ನ ಮೊದಲ ಅನುಮಾನವನ್ನು ಇಲ್ಲಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಬಾಡಿದ ಬಣ್ಣದ ಹೂವನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ ತೋರಿಸಿದಾಗ, ‘ಗಿಡ ಬಿಸಿಲಿಗೆ ಜಗ್ಗಿತಾ ಹೇಳಿ ಸಾರ್?’ ಎಂದು ಮಾಲೀಕರು ಕೇಳಿದರು. ಜಗ್ಗಿರಲಿಲ್ಲ. ‘ಗಿಡ ಅಲ್ಲಪ್ಪ ನಾನು ಮಾರೋದು, ಹೂವು’ ಎಂದೆ. ಅವರು ವಾದಕ್ಕಿಳಿಯದೆ, ಸತ್ತ ಸಸಿಗಳಿಗೆ ಬದಲು ಒಂದು ಟ್ರೇ ಪುಕ್ಕಟೆಯಾಗಿ ಕೊಟ್ಟರು, ಬಣ್ಣಕ್ಕೆ ಮತ್ತು ತಡಕ್ಕೆ ಏನನ್ನೂ ಕೊಡಲಿಲ್ಲ. ಅವರ ವ್ಯವಹಾರ ಉಳಿದಂತೆ ಅಚ್ಚುಕಟ್ಟು: ಬಿಲ್ಲು ಕೊಡುತ್ತಾರೆ, ಹೇಳಿದ ದಿನಕ್ಕೆ ಸಸಿ ಸಿದ್ಧವಿರುತ್ತದೆ, ಟ್ರೇ ಹಿಂದಿರುಗಿಸಿದರೆ ಠೇವಣಿ ಆ ಕ್ಷಣವೇ ಕೈಗೆ ಬರುತ್ತದೆ. ಗಾಡಿ ಬಾಡಿಗೆ ಮಾತ್ರ ದುಬಾರಿ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಸಸಿಯ ಗುಣವೊಂದನ್ನೇ ನೋಡಿದರೆ ನಾಲ್ಕೂವರೆ ಕೊಡಬಹುದಿತ್ತು. ಕಳೆದದ್ದು ಫಲಕಕ್ಕಾಗಿ. ಗಿಡ ಬದುಕುವುದು, ಮೊಗ್ಗು ಕಟ್ಟುವುದು, ಬಣ್ಣ ನಿಲ್ಲುವುದು ಇವು ಮೂರೂ ಬೇರೆ ಬೇರೆ ವಂಶವಾಹಿಗಳ ಕೆಲಸವಾಗಿರುವಾಗ, ಮೊದಲನೆಯದನ್ನು ಮಾತ್ರ ಪರೀಕ್ಷಿಸಿ ಮೂರಕ್ಕೂ ಸೇರಿಸಿ ‘ಬಿಸಿಲು ತಡೆಯುವ’ ಎಂದು ಬರೆಸುವುದು ತಪ್ಪು. ಅಲ್ಲಿಗೆ ಹೋಗುವವರು ಯಾವ ತಿಂಗಳು ನೆಟ್ಟರೆ ಎಷ್ಟು ದಿನಕ್ಕೆ ಹೂವು ಬಂದಿದೆ, ಏಪ್ರಿಲ್–ಮೇನಲ್ಲಿ ಅರಳಿದಾಗ ಬಣ್ಣ ಹೇಗಿತ್ತು ಎಂದು ಎರಡು ಪ್ರಶ್ನೆ ಕೇಳಿ, ಸಾಧ್ಯವಾದರೆ ಹಿಂದೆ ಕೊಂಡವರ ತೋಟವನ್ನೇ ನೋಡಿ ಬರುವುದು ಒಳ್ಳೆಯದು. ಬೇಸಿಗೆ ನಾಟಿಗೆ ಹಳದಿಯನ್ನು ಧಾರಾಳವಾಗಿ ತರಬಹುದು, ಆದರೆ ಮಾಲೀಕರು ಹೇಳುವ ದಿನಕ್ಕೆ ಮೂರು ವಾರ ಕೂಡಿಸಿಕೊಂಡೇ ಮದುವೆ ಹಂಗಾಮಿನ ಲೆಕ್ಕ ಹಾಕಬೇಕು. ಗುಲಾಬಿ ಬಣ್ಣದ್ದನ್ನು ಬೇಸಿಗೆಗೆ ನಾನಂತೂ ಇನ್ನು ನೆಡುವುದಿಲ್ಲ. ಆಗಸ್ಟ್‌ನಲ್ಲಿ ನೆಟ್ಟು ಕಾರ್ತಿಕಕ್ಕೆ ಕೊಯ್ಯಲು ಅದೇ ನರ್ಸರಿಯಲ್ಲಿ ಅದೇ ಬಣ್ಣದ 1,500 ಸಸಿಗಳಿಗೆ ಮೊನ್ನೆ ಮುಂಗಡ ಕೊಟ್ಟು ಬಂದಿದ್ದೇನೆ.