ಬೋರ್ಡ್ ಓದಲು ಮಾನಾಕ್ಯುಲರ್ ಒಳ್ಳೆಯದೋ, ಟ್ಯಾಬ್ಲೆಟ್ಟೋ?

ಕನ್ನಡಕ ಹಾಕಿ ಮೊದಲ ಬೆಂಚಿನಲ್ಲಿ ಕೂತರೂ ನನಗೆ ಬೋರ್ಡ್ ಮಬ್ಬು ಮಬ್ಬು. ಹಾಗಾಗಿ ಸಿಕ್ಕ ಸಾಧನಗಳನ್ನೆಲ್ಲ ತರಗತಿಯಲ್ಲೇ ಬಳಸಿ ನೋಡಿದ್ದೇನೆ. ಎಲ್ಲರೂ ಮೊದಲು ಕೇಳುವುದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ. ನಾನು ನೋಡುವುದು ಒಂದೇ: ಮೇಷ್ಟ್ರು ಅಳಿಸುವ ಮೊದಲು ಬರೆದುಕೊಳ್ಳಲು ಆಗುತ್ತದಾ?

ಮಾನಾಕ್ಯುಲರ್ ಅಂದರೆ ಒಂದೇ ಕಣ್ಣಿಗೆ ಹಿಡಿಯುವ ಪುಟ್ಟ ದುರ್ಬೀನು. ಅದರ ಮೇಲೆ 4×12, 8×21 ಎಂದೆಲ್ಲ ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 8 ಪಟ್ಟಿನದರಲ್ಲಿ ಅಕ್ಷರವೇನೋ ದೊಡ್ಡದು. ಆದರೆ ಒಂದು ಸಲಕ್ಕೆ ಒಂದೆರಡು ಪದ ಮಾತ್ರ ಕಾಣುತ್ತದೆ, ಕೈಯ ಸಣ್ಣ ನಡುಕವೂ 8 ಪಟ್ಟಾಗುತ್ತದೆ. ನನಗೆ 4 ಪಟ್ಟಿನದೇ ಹಿಡಿಸಿತು. ಅದರಲ್ಲೂ ಕಷ್ಟ ಇದೆ. ನೋಡಬೇಕು, ನೆನಪಿಟ್ಟುಕೊಳ್ಳಬೇಕು, ತಲೆ ತಗ್ಗಿಸಿ ಬರೆಯಬೇಕು, ಮತ್ತೆ ತಲೆಯೆತ್ತಿ ಅದೇ ಸಾಲು ಹುಡುಕಬೇಕು. ಉದ್ದದ ಗಣಿತದ ಲೆಕ್ಕ ಬಂದರೆ ಕೈ ಸೋಲುತ್ತದೆ.

ಟ್ಯಾಬ್ಲೆಟ್ಟಿನಲ್ಲಿ ಈ ಹುಡುಕಾಟ ಇಲ್ಲ. ಬೋರ್ಡಿನ ಫೋಟೋ ತೆಗೆದು, ಬೆರಳಿನಿಂದ ಹಿಗ್ಗಿಸಿ, ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡು ಬರೆಯಬಹುದು. ಕನ್ನಡಕ್ಕಂತೂ ಇದು ದೊಡ್ಡ ಅನುಕೂಲ. ದ ಮತ್ತು ಧ ನಡುವಿನ ಸಣ್ಣ ಗೀಟು, ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ, ಇವೇ ಅಲ್ವಾ ಮೊದಲು ಕಳೆದುಹೋಗುವುದು? ಬೆಳಕು ಕಣ್ಣು ಕುಕ್ಕಿದರೆ ಬಣ್ಣ ತಿರುಗಿಸಿ, ಕಪ್ಪಿನ ಮೇಲೆ ಬಿಳಿ ಅಕ್ಷರ ಮಾಡಿಕೊಳ್ಳುತ್ತೇನೆ. ಆದರೆ ಬಿಳಿ ಬೋರ್ಡ್ ಮೇಲೆ ಕಿಟಕಿ ಬೆಳಕು ಹೊಳೆದರೆ ಫೋಟೋ ಹಾಳು. ಕೂರುವ ಜಾಗ ಬದಲಿಸಲೇಬೇಕು.

ಬರೆದುಕೊಳ್ಳುವುದಕ್ಕೆ ಟ್ಯಾಬ್ಲೆಟ್ ಗೆಲ್ಲುತ್ತದೆ, ಅನುಮಾನವಿಲ್ಲ. ಮೇಷ್ಟ್ರು ಪ್ರಯೋಗ ಮಾಡಿ ತೋರಿಸುವಾಗ ಮಾತ್ರ ನಾನು ಮಾನಾಕ್ಯುಲರ್ ತೆಗೆಯುತ್ತೇನೆ. ಚಾರ್ಜ್ ಬೇಡ, ಜೇಬಿನಲ್ಲಿ ಹಿಡಿಯುತ್ತದೆ.

ಪುಸ್ತಕದ ವಿಷಯ ಬೇರೆ. ಭೂತಗನ್ನಡಿಯ ಶಕ್ತಿ ಹೆಚ್ಚಿದಷ್ಟೂ ಅದು ಹಾಳೆಗೆ ಹತ್ತಿರ ಇರಬೇಕು. 20 ಡಯಾಪ್ಟರ್ (ಗಾಜಿನ ಶಕ್ತಿಯ ಅಳತೆ) ಗಾಜಿಗೆ ಸುಮಾರು 5 ಸೆಂಟಿಮೀಟರ್ ಅಷ್ಟೇ. ಸ್ಟ್ಯಾಂಡ್ ಇರುವುದನ್ನು ತಗೊಂಡರೆ ಆ ದೂರ ತಾನಾಗಿಯೇ ಸರಿಯಿರುತ್ತದೆ, ಕೈಗೆ ಸುಸ್ತಿಲ್ಲ. ಹಾಳೆಯನ್ನು ಪರದೆಯಲ್ಲಿ ತೋರಿಸುವ ವಿಡಿಯೊ ಮ್ಯಾಗ್ನಿಫೈಯರ್ ಓದಲು ಇನ್ನೂ ಸುಖ. ಮೇಜಿನ ಮೇಲಿಡುವ ದೊಡ್ಡದನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ಹೊರಲಾಗದು, ಅಷ್ಟೇ.

ಉದ್ದದ ಪಾಠಕ್ಕೆ ಇವೆಲ್ಲಕ್ಕಿಂತ ಕೇಳುವುದೇ ವಾಸಿ. 2006ರಲ್ಲಿ ಶುರುವಾದ, ಕಂಪ್ಯೂಟರ್ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ವಿಂಡೋಸ್‌ನಲ್ಲಿ ಉಚಿತ, ಕನ್ನಡವನ್ನೂ ಓದುತ್ತದೆ. ದನಿ ಯಂತ್ರದ್ದೇ, ಆದರೂ ಕಿವಿ ಒಗ್ಗಿಕೊಳ್ಳುತ್ತದೆ. ಆದರೆ ಪಾಠ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಇರಬೇಕು. ಹಳೆಯ ಫಾಂಟಿನ ಫೈಲ್ ಕೊಟ್ಟರೆ ಅರ್ಥವಿಲ್ಲದ ಸದ್ದು ಬರುತ್ತದೆ. ನೋಟ್ಸ್ ಹಂಚುವ ಮೇಷ್ಟ್ರುಗಳಿಗೆ ನನ್ನ ಕೋರಿಕೆ ಇದೊಂದೇ: ದಯವಿಟ್ಟು ಯುನಿಕೋಡ್‌ನಲ್ಲಿ ಟೈಪ್ ಮಾಡಿ, ತರಗತಿಗೆ ಮೊದಲೇ ಕಳಿಸಿ.