ಎರಡು ಕಾಗದದ ಗೋಲ್ಡ್‌ಫಿಶ್: ಹಿರೋಸಾಕಿಯದ್ದಾ, ಯಾನಾಯಿಯದ್ದಾ?

ಜಪಾನಿನಿಂದ ಹಗುರವಾದ, ಚಿಕ್ಕದಾದ ಏನಾದರೂ ತರಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ: ಗೋಲ್ಡ್‌ಫಿಶ್ ಗೂಡುದೀಪ. ಬಿದಿರ ಕಡ್ಡಿಯ ಚೌಕಟ್ಟು, ಅದರ ಮೇಲೆ ವಾಶಿ ಅನ್ನುವ ಜಪಾನಿ ಕಾಗದ, ಕೆಂಪು ಬಣ್ಣ, ದೊಡ್ಡ ಕಣ್ಣು. ದೀಪಾವಳಿಗೆ ಮನೆಯಲ್ಲೇ ಗೂಡುದೀಪ ಕಟ್ಟಿ ಅಭ್ಯಾಸ ಇದ್ದವರಿಗೆ ಇದರ ಅರ್ಧ ಕೆಲಸ ಆಗಲೇ ಗೊತ್ತು.

ಆದರೆ ಈ ಮೀನಿಗೆ ಎರಡು ಊರು. ಒಂದು ಉತ್ತರದ ಅಓಮೊರಿ ಪ್ರಾಂತ್ಯದ ಹಿರೋಸಾಕಿ. ಇನ್ನೊಂದು ಹೊನ್ಶು ದ್ವೀಪದ ಪಶ್ಚಿಮ ತುದಿಯ ಯಾಮಾಗುಚಿ ಪ್ರಾಂತ್ಯದಲ್ಲಿರುವ ಯಾನಾಯಿ. ಎರಡೂ ಕಡೆಯ ಪುಟ್ಟ ಮೀನನ್ನು ಕೈಯಾರೆ ಮಾಡಿ, ಮನೆಯಲ್ಲಿ ಅಕ್ಕಪಕ್ಕ ತೂಗುಹಾಕಿ ನೋಡಿದ್ದೇನೆ. ಅಂಗಡಿಗಳಲ್ಲಿ ಸಿಗುವ ಪ್ಲಾಸ್ಟಿಕ್ ಮೀನಿನ ವಿಷಯ ಇಲ್ಲಿ ಬೇಡ ಬಿಡಿ.

ಎರಡರಲ್ಲಿ ಹಿರಿಯದು ಹಿರೋಸಾಕಿಯದ್ದೇ. ಅಲ್ಲಿ ಆಗಸ್ಟ್ 1ರಿಂದ 7ರವರೆಗೆ ನೆಪುತ ಹಬ್ಬ. ಬೀಸಣಿಗೆ ಆಕಾರದ ದೊಡ್ಡ ದೊಡ್ಡ ದೀಪದ ತೇರುಗಳನ್ನು ಡೋಲು, ಕೊಳಲಿನ ಜೊತೆ ರಾತ್ರಿ ಎಳೆಯುತ್ತಾರೆ. ಮಕ್ಕಳ ಕೈಯಲ್ಲಿ ಈ ಮೀನು. ಅದಕ್ಕೆ ಮಾದರಿ, ಹಿರೋಸಾಕಿ ಇರುವ ತ್ಸುಗಾರು ಸೀಮೆಯಲ್ಲಿ ಸಾಕುತ್ತಿದ್ದ ತ್ಸುಗಾರು-ನಿಶಿಕಿ ಅನ್ನುವ ಗೋಲ್ಡ್‌ಫಿಶ್. ಆ ಜಾತಿಗೆ ಬೆನ್ನ ಮೇಲೆ ರೆಕ್ಕೆ ಇಲ್ಲ, ಬಾಲ ಉದ್ದ. ಗೂಡುದೀಪದ ಬೆನ್ನೂ ನುಣ್ಣಗೆ ದುಂಡಗಿರುವುದು ಅದಕ್ಕೇ. ಯಾನಾಯಿಯದ್ದು ಎಡೋ ಕಾಲದ ಕೊನೆಯಲ್ಲಿ, ಅಂದರೆ 19ನೇ ಶತಮಾನದ ಮಧ್ಯದ ಹೊತ್ತಿಗೆ, ಹುಟ್ಟಿದ್ದು. ತ್ಸುಗಾರುವಿನ ಕಾಗದದ ಮೀನು ನೋಡಿ ಯಾನಾಯಿಯ ವ್ಯಾಪಾರಿಯೊಬ್ಬ ತನ್ನೂರಲ್ಲೂ ಮಾಡಿದ, ಯಾನಾಯಿ-ಜಿಮಾ ಅನ್ನುವ ಪಟ್ಟೆ ಬಟ್ಟೆಗೆ ಹಾಕುವ ಬಣ್ಣವನ್ನೇ ಬಳಿದ ಅಂತ ಊರಿನವರು ಹೇಳುತ್ತಾರೆ.

ಮಾಡುವ ಖುಷಿಯಲ್ಲಿ ಹಿರೋಸಾಕಿ ಬಹಳ ಮುಂದೆ. ಕಾರಣ ಮೇಣ. ಕಾಗದ ಅಂಟಿಸಿದ ಮೇಲೆ, ಕಾಯಿಸಿದ ಮೇಣದಲ್ಲಿ ಬ್ರಷ್ ಅದ್ದಿ ಹುರುಪೆಯ ಗೆರೆ ಎಳೆಯಬೇಕು. ಮೇಣ ಬಿಸಿಯಾಗಿದ್ದರೆ ಕಾಗದ ಅದನ್ನು ಹೀರಿಕೊಂಡು, ಎಣ್ಣೆ ಬಿದ್ದ ಹಾಗೆ ಅಷ್ಟು ಜಾಗ ಪಾರದರ್ಶಕವಾಗುತ್ತದೆ. ಸ್ವಲ್ಪ ಆರಿದರೂ ಮೇಣ ಮೇಲೆಯೇ ಬೆಳ್ಳಗೆ ಕೂತುಬಿಡುತ್ತದೆ, ಬಣ್ಣ ಅಡಿಯಿಂದ ನುಸುಳುತ್ತದೆ. ಹಾಗಾಗಿ ಕೈ ಬೇಗ ಓಡಬೇಕು. ಆಮೇಲೆ ಕೆಂಪು ಬಳಿಯುವುದು. ಬಣ್ಣ ಸರ್ರನೆ ಹರಡಿ, ಮೇಣದ ಗೆರೆ ಬಂದ ಕೂಡಲೇ ನಿಂತುಬಿಡುತ್ತದೆ. ಅದನ್ನು ಸುಮ್ನೆ ನೋಡುತ್ತಾ ಕೂರಬಹುದು.

ಯಾನಾಯಿಯಲ್ಲಿ ನಾನು ಮಾಡಿದ ಪುಟ್ಟ ಮೀನಿಗೆ ಮೇಣದ ಕೆಲಸ ಇರಲಿಲ್ಲ. ಕಣ್ಣು, ರೆಕ್ಕೆ, ಬಾಲ ಸರಿಯಾಗಿ ಕೂರಿಸುವುದೇ ದೊಡ್ಡ ಕೆಲಸ. ಕಣ್ಣು ಕೂದಲೆಳೆಯಷ್ಟು ಮೇಲೆ ಹೋದರೂ ಮೀನು ಗಾಬರಿ ಬಿದ್ದ ಹಾಗೆ ಕಾಣುತ್ತದೆ. ಕೆಳಗೆ ಬಂದರೆ ತೂಕಡಿಸುತ್ತದೆ. ಮಕ್ಕಳ ಜೊತೆ ಹೋಗುವವರಿಗೆ ಇದೇ ಸುಲಭ. ಬಿಸಿ ಮೇಣದ ಭಯವೂ ಇಲ್ಲ.

ಹಗಲಿನಲ್ಲಿ ನನ್ನ ಓಟು ಯಾನಾಯಿಗೆ. ಕೆಂಪು ಬೆನ್ನು, ಬಿಳಿ ಹೊಟ್ಟೆ, ಬಿಟ್ಟ ಬಾಯಿ. ಕೋಣೆಯ ಆಚೆ ತುದಿಯಿಂದ ನೋಡಿದರೂ ನಗು ಬರುತ್ತದೆ. ಕಿಟಕಿಯ ಗಾಳಿಗೆ ಬಾಲ ಅಲ್ಲಾಡುತ್ತಲೇ ಇರುತ್ತದೆ. ಆ ಊರಿನ ಬಿಳಿಗೋಡೆಯ ಹಳೇ ಬೀದಿಯಲ್ಲಿ ಬೇಸಿಗೆಯಿಡೀ ಸೂರಿನಡಿ ಸಾಲಾಗಿ ತೂಗುವುದಕ್ಕೆಂದೇ ಇದನ್ನು ಮಾಡಿದ ಹಾಗಿದೆ. ಆಗಸ್ಟ್ 13ಕ್ಕೆ ಅಲ್ಲಿ ಇದರದ್ದೇ ಹಬ್ಬ. ಹಿರೋಸಾಕಿಯ ಮೀನು ಹಗಲಲ್ಲಿ ಸ್ವಲ್ಪ ಮಂಕು. ಗೆರೆಗಳೆಲ್ಲ ಜಿಡ್ಡಿನ ಕಲೆಯಂತೆ ಕಾಣುತ್ತವೆ, ನಿಜ ಹೇಳಬೇಕಲ್ವಾ.

ಕತ್ತಲಾದ ಮೇಲೆ ಒಳಗೆ ಬಲ್ಬು ಹಾಕಿದರೆ ಲೆಕ್ಕ ಪೂರ್ತಿ ಉಲ್ಟಾ. ಯಾನಾಯಿಯದ್ದು ಒಂದೇ ಸಮನೆ ಕೆಂಪಗೆ ಹೊಳೆಯುತ್ತದೆ, ಚೆಂದವೇ. ಹಿರೋಸಾಕಿಯದ್ದರಲ್ಲಿ ಮಾತ್ರ ಹಗಲಿನ ಆ ಜಿಡ್ಡಿನ ಗೆರೆ ಒಂದೊಂದೂ ಬೆಳಕಿನ ಗೆರೆಯಾಗಿ ಎದ್ದು ನಿಲ್ಲುತ್ತದೆ. ಹುರುಪೆ ಎಣಿಸಬಹುದು. ರಾತ್ರಿ ಹಬ್ಬಕ್ಕೆ ಹುಟ್ಟಿದ್ದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದನ್ನೇ ಆರಿಸಿ ಅಂದರೆ ನಾನು ಹಿರೋಸಾಕಿಯದ್ದನ್ನೇ ತೆಗೆದುಕೊಳ್ಳುತ್ತೇನೆ, ಆದರೆ ಒಳಗೆ ದೀಪ ಹಾಕುವುದಾದರೆ ಮಾತ್ರ. ಸುಮ್ಮನೆ ಕಿಟಕಿಗೆ ಕಟ್ಟುವುದಕ್ಕೆ ಯಾನಾಯಿಯದ್ದೇ ಜಾಸ್ತಿ ಲಾಯಕ್ಕು. ಎರಡಕ್ಕೂ ಚಿಕ್ಕ ಎಲ್‌ಇಡಿ ಬಲ್ಬೇ ಇರಲಿ, ಮೇಣದಬತ್ತಿ ಬೇಡ. ಬಿಸಿಲು ನೇರ ಬಿದ್ದರೆ ಕೆಂಪು ಬಿಳುಚಿಕೊಳ್ಳುತ್ತದೆ. ಊರಿಗೆ ತರುವಾಗ ಗಟ್ಟಿ ಡಬ್ಬಿಯಲ್ಲಿಟ್ಟು ಸುತ್ತ ಕಾಲುಚೀಲ ತುರುಕಿ. ಬಾಲವನ್ನು ಮಾತ್ರ ಮಡಚಬೇಡಿ.