64 ಪುಟದ ಪುಸ್ತಕ: ಆಫ್‌ಸೆಟ್ಟಾ, ಡಿಜಿಟಲ್ಲಾ, ಇ-ಬುಕ್ಕಾ?

ಅಡಿಕೆ ಕೊಳೆರೋಗದ ಬಗ್ಗೆಯೋ ನಿಮ್ಮೂರ ಕೆರೆಗಳ ಬಗ್ಗೆಯೋ ಚಿಕ್ಕ ಪುಸ್ತಕ ಬರೆದಿದ್ದೀರಿ. ಪ್ರಕಾಶಕರನ್ನು ಕಾಯದೆ ನೀವೇ ತರಬೇಕು. ಹೇಗೆ?

ಶಿವಮೊಗ್ಗದ ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಾಡಿಸಿದರೆ ಪ್ರತಿಯೊಂದರ ಖರ್ಚು ಕಡಿಮೆ, ಆದರೆ ಐನೂರು, ಸಾವಿರ ಹಾಕಿಸಿದರೆ ಮಾತ್ರ. ಅಚ್ಚು ಹಾಕಲು ಮೊದಲು ಮಾಡಿಸುವ ಪ್ಲೇಟಿನ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಪುಟಗಳ ಲೆಕ್ಕ ಸಾಮಾನ್ಯವಾಗಿ 16ರ ಫಾರಂನಲ್ಲಿ, ಅಂದರೆ ಒಂದು ದೊಡ್ಡ ಹಾಳೆ ಮಡಚಿದರೆ ಆಗುವ 16 ಪುಟದ ಕಟ್ಟಿನಲ್ಲಿ. 66 ಪುಟ ಆಗಿದ್ದರೆ ಎರಡು ಪುಟ ಕತ್ತರಿಸಿ, 64ಕ್ಕೆ ತನ್ನಿ. ಆಮೇಲಿನ ಪ್ರಶ್ನೆ, ಉಳಿದದ್ದನ್ನು ಎಲ್ಲಿಡುತ್ತೀರಿ? ನಾನು ಕಟ್ಟುಗಳನ್ನು ಅಟ್ಟಕ್ಕೆ ಹಾಕಿದ್ದೆ. ಆಷಾಢ ಕಳೆಯುವ ಹೊತ್ತಿಗೆ ರಕ್ಷಾಪುಟಕ್ಕೆಲ್ಲ ಬೂಷ್ಟು. ಒರೆಸಿದರೆ ಹೆಸರಿನ ಮೇಲೇ ಬೂದು ಕಲೆ. ಯಾರಿಗೆ ಮಾರೋದು?

ಡಿಜಿಟಲ್ ಮುದ್ರಣದಲ್ಲಿ ಆ ಗೋಳಿಲ್ಲ. 30 ಸಾಕೆಂದರೆ 30. ಪ್ರತಿಗೆ ದುಬಾರಿ, ಅಂಗಡಿಯವರ ಕಮಿಷನ್ ಕಳೆದರೆ ಉಳಿಯೋದು ಚಿಲ್ಲರೆ.

ಇ-ಬುಕ್ಕಿಗೆ ಕಾಗದದ ಖರ್ಚೇ ಇಲ್ಲ. ಆದರೆ ಹಳೇ ನುಡಿ ಫಾಂಟಿನ ಕಡತವನ್ನು ಎಲ್ಲ ಮೊಬೈಲಿನಲ್ಲೂ ಕಾಣುವ ಯೂನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರಗಳು ಕೆಡುತ್ತವೆ. ಸಾಲುಸಾಲು ಓದಲೇಬೇಕು. ಇನ್ನೊಂದು, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅನ್ನುವ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ಮದ್ದಿನ ಅಳತೆಯನ್ನು ಮದ್ದಿನ ಕೈಯಲ್ಲಿ ಮೊಬೈಲ್ ಒತ್ತಿ ನೋಡೋಕಾಗುತ್ತಾ? ಕಾಗದವಾದರೆ ಕೊಟ್ಟಿಗೆ ಗೋಡೆಗೆ ಅಂಟಿಸಬಹುದು.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ. ಕಾಗದಕ್ಕೊಂದು, ಇ-ಬುಕ್ಕಿಗೊಂದು ಬೇರೆ ಬೇರೆ ಸಂಖ್ಯೆ ಬೇಕು ಅಷ್ಟೆ.

ನನ್ನನ್ನು ಕೇಳಿದರೆ ಮೊದಲು 50 ಡಿಜಿಟಲ್ ಪ್ರತಿ. ಅವು ಖಾಲಿಯಾದರೆ, ಮಳೆ ನಿಂತ ಮೇಲೆ ಆಫ್‌ಸೆಟ್. ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆ ಹತ್ತಿರವಿದ್ದರೆ ಸ್ವಲ್ಪ ಜಾಸ್ತಿಯೇ ಹಾಕಿಸಿ.